ಲೇತ್ ಯಾವುದಾದರೇನು, ಸೂತ್ರ ಒಂದೇ: ಸ್ಟ್ಯಾಟಿಕ್ ಮೆಥಡ್ ನಡೆದುಕೊಳ್ಳುವ ಬಗೆ

ಬೆಂಗಳೂರಿನ ಬಾಗಲಗುಂಟೆಯಲ್ಲಿ ಯಂತ್ರ ಓಡಿಸುವವರೂ ಕೋಡ್ ಬರೆಯುವವರೂ ಅಕ್ಕಪಕ್ಕದ ಮನೆಗಳಲ್ಲೇ ಇರುತ್ತಾರೆ. ಪೀಣ್ಯ ಕೈಗಾರಿಕಾ ಪ್ರದೇಶ ಇಲ್ಲಿಂದ ಕೂಗಳತೆಯ ದೂರ. 2015ರ ಮೇ ತಿಂಗಳಲ್ಲಿ ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದವರೆಗೆ ಬಂದ ಮೇಲೆ ನಗರದ ಇನ್ನೊಂದು ತುದಿಯ ಐಟಿ ಕಚೇರಿಗಳಿಗೆ ಹೋಗುವವರೂ ಈ ಕಡೆ ಮನೆ ಮಾಡತೊಡಗಿದರು. ಹೆಸರಘಟ್ಟ ಮುಖ್ಯರಸ್ತೆಯಲ್ಲೇ ಮುಂದೆ ಹೋದರೆ ಚಿಕ್ಕಸಂದ್ರ, ಸೋಲದೇವನಹಳ್ಳಿಯ ಎಂಜಿನಿಯರಿಂಗ್ ಕಾಲೇಜುಗಳು ಸಿಗುತ್ತವೆ. ವಿಟಿಯು 2022ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಮೂರನೇ ಸೆಮಿಸ್ಟರ್‌ನಲ್ಲೇ ಜಾವಾ ಮೂಲಕ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕಲಿಸುವ ವಿಷಯವಿದೆ. ಆ ಪಾಠದಲ್ಲಿ ಮೊದಲ ದಿನವೇ ಎದುರಾಗಿ, ಕೆಲಸಕ್ಕೆ ಸೇರಿ ವರ್ಷಗಳಾದರೂ ಹಲವರಿಗೆ ಪೂರ್ತಿ ತಿಳಿಯಾಗದೆ ಉಳಿಯುವ ಪದ ‘ಸ್ಟ್ಯಾಟಿಕ್’.

ಇದನ್ನು ಅರ್ಥ ಮಾಡಿಕೊಳ್ಳಲು ಪೀಣ್ಯದ ಯಾವುದೇ ಟರ್ನಿಂಗ್ ಶಾಪ್‌ನ ದಿನನಿತ್ಯದ ಲೆಕ್ಕ ಸಾಕು. ಲೇತ್‌ನ ಸ್ಪಿಂಡಲ್ ನಿಮಿಷಕ್ಕೆ ಎಷ್ಟು ಸುತ್ತಬೇಕು? ಕಟಿಂಗ್ ಸ್ಪೀಡನ್ನು 1000ದಿಂದ ಗುಣಿಸಿ, ಪೈ ಮತ್ತು ಜಾಬ್‌ನ ವ್ಯಾಸದ ಗುಣಲಬ್ಧದಿಂದ ಭಾಗಿಸಬೇಕು. ವೇಗ ನಿಮಿಷಕ್ಕೆ 100 ಮೀಟರ್, ವ್ಯಾಸ 50 ಮಿ.ಮೀ. ಎಂದಾದರೆ ಉತ್ತರ ಸುಮಾರು 637 ಸುತ್ತು. ವ್ಯಾಸ 10 ಮಿ.ಮೀ.ಗೆ ಇಳಿದರೆ ಸುಮಾರು 3183. ಈ ಲೆಕ್ಕಕ್ಕೆ ಲೇತ್ ಯಾವ ಕಂಪನಿಯದು, ಹೊಸದೋ ಹಳೆಯದೋ, ಯಾವ ಮೂಲೆಯಲ್ಲಿ ನಿಂತಿದೆ ಎಂಬುದೊಂದೂ ಬೇಕಿಲ್ಲ. ಎರಡು ಸಂಖ್ಯೆ ಕೊಟ್ಟರೆ ಒಂದು ಸಂಖ್ಯೆ ಬರುತ್ತದೆ, ಅಷ್ಟೆ.

ಇಂಥ ಲೆಕ್ಕವೇ ಸ್ಟ್ಯಾಟಿಕ್ ಮೆಥಡ್‌ಗೆ ಹೇಳಿ ಮಾಡಿಸಿದ್ದು. ‘ಲೆಕ್ಕ’ ಎಂಬ ಕ್ಲಾಸ್, ಅದರೊಳಗೆ ‘ಸುತ್ತು’ ಎಂಬ ಸ್ಟ್ಯಾಟಿಕ್ ಮೆಥಡ್. ಕರೆಯುವಾಗ ಯಾವ ಆಬ್ಜೆಕ್ಟನ್ನೂ ಸೃಷ್ಟಿಸದೆ ನೇರವಾಗಿ ಲೆಕ್ಕ.ಸುತ್ತು(100, 50) ಎಂದು ಬರೆದರಾಯಿತು. ಇಲ್ಲಿನ ಕನ್ನಡ ಹೆಸರುಗಳು ಲೇಖನಕ್ಕಾಗಿ ಮಾಡಿಕೊಂಡ ಅನುಕೂಲವಲ್ಲ. ಜಾವಾದಲ್ಲಿ ಕ್ಲಾಸ್, ಮೆಥಡ್, ವೇರಿಯಬಲ್‌ಗಳ ಹೆಸರಿಗೆ ಯೂನಿಕೋಡ್ ಅಕ್ಷರಗಳನ್ನು ಬಳಸಬಹುದಾದ್ದರಿಂದ ಈ ಹೆಸರುಗಳನ್ನು ಹೀಗೆಯೇ ಟೈಪ್ ಮಾಡಿದರೂ ಪ್ರೋಗ್ರಾಂ ಓಡುತ್ತದೆ. ಪೈಥಾನ್ 3ರಲ್ಲೂ ಹಾಗೆಯೇ. ಕ್ಲಾಸ್, ಸ್ಟ್ಯಾಟಿಕ್, ರಿಟರ್ನ್‌ನಂಥ ಕೀವರ್ಡ್‌ಗಳು ಮಾತ್ರ ಇಂಗ್ಲಿಷಿನಲ್ಲಿರಬೇಕು.

ಈಗ ಅದೇ ಶಾಪ್‌ನಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಸೂತ್ರ 3183 ಎಂದಿತು, ಆದರೆ ಎದುರಿಗಿರುವ ಯಂತ್ರದ ಗರಿಷ್ಠ ವೇಗ 2500 ಸುತ್ತು ಮಾತ್ರ. ಪಕ್ಕದ ಸಿಎನ್‌ಸಿ ಯಂತ್ರ 4000ದವರೆಗೂ ಹೋಗುತ್ತದೆ. ಯಾವ ವೇಗಕ್ಕೆ ಇಡಬೇಕು? ಈ ಪ್ರಶ್ನೆಗೆ ಯಂತ್ರ ಯಾವುದು ಎಂದು ತಿಳಿಯದೆ ಉತ್ತರವಿಲ್ಲ. ‘ಲೇತ್’ ಎಂಬ ಕ್ಲಾಸ್‌ನ ಪ್ರತಿ ಆಬ್ಜೆಕ್ಟ್ ತನ್ನ ಗರಿಷ್ಠ ವೇಗವನ್ನು ತನ್ನಲ್ಲಿ ಇಟ್ಟುಕೊಂಡಿರುತ್ತದೆ. ‘ಸಲಹೆ’ ಎಂಬ ಮೆಥಡ್ ಸೂತ್ರದ ಉತ್ತರವನ್ನೂ ಆ ಗರಿಷ್ಠವನ್ನೂ ಹೋಲಿಸಿ, ಕಡಿಮೆ ಇರುವುದನ್ನು ಹೇಳುತ್ತದೆ. ಒಂದು ಆಬ್ಜೆಕ್ಟ್ 2500 ಅಂದರೆ ಇನ್ನೊಂದು 3183 ಅನ್ನುತ್ತದೆ. ‘ಸಲಹೆ’ ಇನ್‌ಸ್ಟನ್ಸ್ ಮೆಥಡ್, ‘ಸುತ್ತು’ ಸ್ಟ್ಯಾಟಿಕ್ ಮೆಥಡ್. ಉತ್ತರ ಆಬ್ಜೆಕ್ಟಿನಿಂದ ಆಬ್ಜೆಕ್ಟಿಗೆ ಬದಲಾಗುವ ಸಾಧ್ಯತೆ ಇದೆಯೇ ಎಂಬ ಒಂದೇ ಪ್ರಶ್ನೆ ಇವೆರಡನ್ನು ಬೇರೆ ಮಾಡುತ್ತದೆ. ಸ್ಟ್ಯಾಟಿಕ್ ಮೆಥಡ್‌ನ ಮಿಕ್ಕೆಲ್ಲ ವರ್ತನೆಯೂ, ವಿಚಿತ್ರ ಎನಿಸುವುದು ಸಹ, ಇಲ್ಲಿಂದಲೇ ಹುಟ್ಟುತ್ತದೆ.

ದಿಸ್ ಇಲ್ಲದ ಮೆಥಡ್

ಇನ್‌ಸ್ಟನ್ಸ್ ಮೆಥಡ್ ಕರೆದಾಗ ಬ್ರಾಕೆಟ್ಟಿನಲ್ಲಿ ಕಾಣಿಸದ ಒಂದು ಮೌಲ್ಯವೂ ಒಳಗೆ ಹೋಗುತ್ತದೆ: ಯಾವ ಆಬ್ಜೆಕ್ಟಿನ ಮೇಲೆ ಕರೆದದ್ದು ಎಂಬ ಗುರುತು. ಜಾವಾ, ಸಿ ಪ್ಲಸ್ ಪ್ಲಸ್‌ಗಳಲ್ಲಿ ಅದರ ಹೆಸರು ‘ದಿಸ್’. ಸ್ಟ್ಯಾಟಿಕ್ ಮೆಥಡ್‌ಗೆ ಈ ಗುರುತು ಸಿಗುವುದಿಲ್ಲ. ಆದ್ದರಿಂದಲೇ ಅದರೊಳಗಿಂದ ಇನ್‌ಸ್ಟನ್ಸ್ ವೇರಿಯಬಲ್ಲನ್ನಾಗಲಿ ಇನ್‌ಸ್ಟನ್ಸ್ ಮೆಥಡನ್ನಾಗಲಿ ಬರೀ ಹೆಸರಿನಿಂದ ಕರೆದರೆ ಕಂಪೈಲರ್ ತಡೆಯುತ್ತದೆ. ಮೂರನೇ ಸೆಮಿಸ್ಟರ್‌ನ ಲ್ಯಾಬ್‌ನಲ್ಲಿ ಅತಿ ಹೆಚ್ಚು ಕಾಣುವ ದೋಷಸಂದೇಶಗಳಲ್ಲಿ ಇದೂ ಒಂದು: ನಾನ್-ಸ್ಟ್ಯಾಟಿಕ್ ಆದದ್ದನ್ನು ಸ್ಟ್ಯಾಟಿಕ್ ಸಂದರ್ಭದಿಂದ ಉಲ್ಲೇಖಿಸಲಾಗದು. ಮೇನ್ ಮೆಥಡ್ ಸ್ಟ್ಯಾಟಿಕ್ ಆಗಿರುವುದೇ ಇದಕ್ಕೆ ಕಾರಣ. ವಿದ್ಯಾರ್ಥಿ ‘ಸಲಹೆ’ಯನ್ನು ಮೇನ್‌ನಿಂದ ನೇರವಾಗಿ ಕರೆಯಲು ಹೋಗುತ್ತಾನೆ, ಯಾವ ಲೇತ್‌ನ ಸಲಹೆ ಎಂದು ಕಂಪೈಲರ್ ಕೇಳುತ್ತದೆ.

ಇಲ್ಲಿ ಒಂದು ಕೆಟ್ಟ ಅಭ್ಯಾಸ ಬೇರು ಬಿಡುತ್ತದೆ. ದೋಷ ಹೋಗಲೆಂದು ‘ಸಲಹೆ’ಗೂ ಸ್ಟ್ಯಾಟಿಕ್ ಎಂದು ಸೇರಿಸುವುದು, ಆಮೇಲೆ ಗರಿಷ್ಠ ವೇಗಕ್ಕೂ ಸ್ಟ್ಯಾಟಿಕ್ ಸೇರಿಸುವುದು. ಕೆಂಪು ಗೆರೆ ಮಾಯವಾಗುತ್ತದೆ, ಪ್ರೋಗ್ರಾಂ ಓಡುತ್ತದೆ. ಆದರೆ ಈಗ ಇಡೀ ಶಾಪ್‌ಗೆ ಒಂದೇ ಗರಿಷ್ಠ ವೇಗ. ಎರಡನೇ ಲೇತ್ ಸೃಷ್ಟಿಸಿ 4000 ಎಂದು ಬರೆದ ಕೂಡಲೇ ಮೊದಲನೆಯದರದ್ದೂ 4000 ಆಗುತ್ತದೆ. ಸರಿಯಾದ ದಾರಿ ಒಂದು ಲೇತ್ ಆಬ್ಜೆಕ್ಟ್ ಸೃಷ್ಟಿಸಿ ಅದರ ಮೇಲೆ ಕರೆಯುವುದು. ಒಂದು ಸಾಲು ಹೆಚ್ಚಾಗುತ್ತದೆ, ಅದು ಬೇಕಾದ ಸಾಲೇ.

ಮೇನ್ ಯಾಕೆ ಸ್ಟ್ಯಾಟಿಕ್ ಎಂಬುದಕ್ಕೂ ಉತ್ತರ ಸರಳ. ಪ್ರೋಗ್ರಾಂ ಶುರುವಾಗುವ ಗಳಿಗೆಯಲ್ಲಿ ಯಾವ ಆಬ್ಜೆಕ್ಟೂ ಹುಟ್ಟಿರುವುದಿಲ್ಲ; ಆಬ್ಜೆಕ್ಟ್ ಇಲ್ಲದೆ ಕರೆಯಬಹುದಾದ ಒಂದು ಬಾಗಿಲು ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 25ರಲ್ಲಿ ಸ್ಟ್ಯಾಟಿಕ್ ಅಲ್ಲದ ಮೇನ್ ಬರೆಯಲೂ ಅವಕಾಶವಾಗಿದೆ, ಅಲ್ಲಿ ಆಬ್ಜೆಕ್ಟನ್ನು ಜಾವಾವೇ ಸೃಷ್ಟಿಸಿಕೊಳ್ಳುತ್ತದೆ. ಹೊಸದಾಗಿ ಕಲಿಯುವವರ ಮೇಲಿನ ಒಂದು ಹೊರೆ ಇದರಿಂದ ಇಳಿದಿದೆ. ಆದರೆ ಕಾಲೇಜು ಲ್ಯಾಬ್‌ಗಳಲ್ಲೂ ಕಂಪನಿಗಳ ಹಳೆಯ ಪ್ರಾಜೆಕ್ಟ್‌ಗಳಲ್ಲೂ ಹಳೆಯ ರೂಪವೇ ಇನ್ನೂ ಬಹುಕಾಲ ಕಾಣಸಿಗುತ್ತದೆ.

90 ರೂಪಾಯಿಯೋ, 85 ರೂಪಾಯಿ 50 ಪೈಸೆಯೋ?

ಬೆಂಗಳೂರಿನ ಇಂಟರ್‌ವ್ಯೂಗಳಲ್ಲಿ ಸವೆದುಹೋಗುವಷ್ಟು ಕೇಳಲಾಗಿರುವ ಪ್ರಶ್ನೆ: ಸ್ಟ್ಯಾಟಿಕ್ ಮೆಥಡನ್ನು ಓವರ್‌ರೈಡ್ ಮಾಡಬಹುದೇ? ‘ಇಲ್ಲ ಸರ್, ಅದು ಹೈಡಿಂಗ್’ ಎಂಬ ಉತ್ತರ ಬಾಯಿಪಾಠವಾಗಿರುತ್ತದೆ. ಹೈಡಿಂಗ್ ಎಂದರೆ ದುಡ್ಡಿನ ಲೆಕ್ಕದಲ್ಲಿ ಏನಾಗುತ್ತದೆ ಎಂದು ಕೇಳಿದರೆ ಮಾತು ನಿಲ್ಲುತ್ತದೆ. ಆದ್ದರಿಂದ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು.

2025ರ ಫೆಬ್ರವರಿಯಲ್ಲಿ ಪರಿಷ್ಕೃತವಾದ ನಮ್ಮ ಮೆಟ್ರೊ ದರಪಟ್ಟಿಯಲ್ಲಿ ಕನಿಷ್ಠ ದರ 10 ರೂಪಾಯಿ, ಗರಿಷ್ಠ 90 ರೂಪಾಯಿ. ಸ್ಮಾರ್ಟ್ ಕಾರ್ಡ್ ಬಳಸಿದರೆ ಶೇ 5 ರಿಯಾಯಿತಿ, ಜನಸಂದಣಿ ಇಲ್ಲದ ಹೊತ್ತಿನಲ್ಲಿ ಇನ್ನೂ ಶೇ 5. ಈ ಅಂಕಿಗಳನ್ನಷ್ಟೇ ಎರವಲು ಪಡೆದು ಪಾಠಕ್ಕಾಗಿ ಒಂದು ಪುಟ್ಟ ಪ್ರೋಗ್ರಾಂ ಕಟ್ಟೋಣ. ಮೆಟ್ರೊ ನಿಗಮದ ತಂತ್ರಾಂಶಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಟಿಕೆಟ್’ ಎಂಬ ಕ್ಲಾಸ್; ಅದರಲ್ಲಿ 90 ಎಂದು ಉತ್ತರಿಸುವ ‘ದರ’ ಎಂಬ ಸ್ಟ್ಯಾಟಿಕ್ ಮೆಥಡ್. ಅದನ್ನು ಎಕ್ಸ್‌ಟೆಂಡ್ ಮಾಡಿದ ‘ಕಾರ್ಡ್’ ಎಂಬ ಕ್ಲಾಸ್. ಅದರಲ್ಲೂ ‘ದರ’ ಎಂಬ ಸ್ಟ್ಯಾಟಿಕ್ ಮೆಥಡ್, ಉತ್ತರ 85.50. ಈಗ ‘ಪ್ರಯಾಣ’ ಎಂಬ ವೇರಿಯಬಲ್. ಅದನ್ನು ಘೋಷಿಸಿರುವುದು ಟಿಕೆಟ್ ಎಂದು, ಅದರೊಳಗೆ ಇಟ್ಟಿರುವುದು ಕಾರ್ಡ್ ಆಬ್ಜೆಕ್ಟನ್ನು. ಪ್ರಯಾಣ.ದರ() ಎಂದು ಕರೆದರೆ ಜಾವಾ ಕೊಡುವ ಉತ್ತರ 90. ಕಾರ್ಡ್ ಇದ್ದೂ ರಿಯಾಯಿತಿ ಸಿಗಲಿಲ್ಲ.

ಎರಡೂ ಕಡೆಯ ಸ್ಟ್ಯಾಟಿಕ್ ಎಂಬ ಪದವನ್ನು ಅಳಿಸಿ, ಬೇರೇನನ್ನೂ ಮುಟ್ಟದೆ ಮತ್ತೆ ಓಡಿಸಿದರೆ ಉತ್ತರ 85.50.

ಕಂಪೈಲರ್ ಏನು ಬರೆದಿದೆ ಎಂದು ನೋಡಿದರೆ ಗುಟ್ಟು ಬಿಚ್ಚಿಕೊಳ್ಳುತ್ತದೆ. ಜಾವಾ ಜೊತೆಯಲ್ಲೇ ಬರುವ ಜಾವಾಪಿ ಎಂಬ ಉಪಕರಣಕ್ಕೆ ‘ಸಿ’ ಎಂಬ ಆಯ್ಕೆ ಕೊಟ್ಟು ಕ್ಲಾಸ್ ಫೈಲನ್ನು ತೆರೆದರೆ ಬೈಟ್‌ಕೋಡ್ ಸಾಲು ಸಾಲಾಗಿ ಕಾಣುತ್ತದೆ. ಸ್ಟ್ಯಾಟಿಕ್ ಇದ್ದಾಗ ಅಲ್ಲಿ ನಡೆಯುವುದು ಮೂರು ಹೆಜ್ಜೆ. ‘ಪ್ರಯಾಣ’ದಲ್ಲಿರುವ ಆಬ್ಜೆಕ್ಟನ್ನು ಸ್ಟ್ಯಾಕ್ ಮೇಲೆ ಇಡು. ಮರುಕ್ಷಣವೇ ಅದನ್ನು ಪಾಪ್ ಮಾಡಿ ಎಸೆ. ಆಮೇಲೆ ಇನ್‌ವೋಕ್‌ಸ್ಟ್ಯಾಟಿಕ್, ಅದರ ಮುಂದೆ ಟಿಕೆಟ್.ದರ ಎಂಬ ಹೆಸರು. ಆಬ್ಜೆಕ್ಟನ್ನು ಎತ್ತಿಕೊಂಡದ್ದೂ ನಿಜ, ಅದರ ಮುಖ ನೋಡದೆ ಬಿಸಾಕಿದ್ದೂ ನಿಜ. ಕಂಪೈಲರ್ ನೋಡಿದ್ದು ವೇರಿಯಬಲ್ಲಿನ ಘೋಷಿತ ಟೈಪನ್ನು ಮಾತ್ರ. ಸ್ಟ್ಯಾಟಿಕ್ ಅಳಿಸಿದ ಮೇಲೆ ಅದೇ ಜಾಗದಲ್ಲಿ ಇನ್‌ವೋಕ್‌ವರ್ಚುವಲ್ ಬಂದಿರುತ್ತದೆ. ಆಗ ಓಡುವ ಹೊತ್ತಿನಲ್ಲಿ ಆಬ್ಜೆಕ್ಟ್ ನಿಜವಾಗಿ ಯಾವ ಕ್ಲಾಸಿನದು ಎಂದು ನೋಡಿ, ಆ ಕ್ಲಾಸಿನ ಮೆಥಡ್ ಆರಿಸಲಾಗುತ್ತದೆ.

ಇದೇ ಕಾರಣಕ್ಕೆ ಇನ್ನೊಂದು ಬೆರಗೂ ಸಾಧ್ಯ. ‘ಪ್ರಯಾಣ’ದಲ್ಲಿ ಏನೂ ಇಲ್ಲದೆ ನಲ್ ಇದ್ದರೂ ಪ್ರಯಾಣ.ದರ() ಸಲೀಸಾಗಿ 90 ಎನ್ನುತ್ತದೆ. ನಲ್ ಪಾಯಿಂಟರ್ ಎಕ್ಸೆಪ್ಷನ್ ಬರುವುದಿಲ್ಲ. ಎಸೆಯುವ ವಸ್ತು ಖಾಲಿಯಾಗಿದ್ದರೂ ಎಸೆಯಬಹುದಲ್ಲ.

ಈ ತೊಡಕು ನಿಜವಾದ ಪ್ರಾಜೆಕ್ಟ್‌ಗಳಲ್ಲಿ ಬರುವುದು ಇಷ್ಟು ಬಿಡುಬೀಸಾದ ರೂಪದಲ್ಲಿ ಅಲ್ಲ. ಹೆಚ್ಚಾಗಿ ತಂದೆ ಕ್ಲಾಸಿನಲ್ಲಿ ‘ರಸೀದಿ’ಯಂಥ ಒಂದು ಇನ್‌ಸ್ಟನ್ಸ್ ಮೆಥಡ್ ಇರುತ್ತದೆ, ಅದರೊಳಗೆ ಬರೀ ದರ() ಎಂಬ ಕರೆ ಇರುತ್ತದೆ. ಕಾರ್ಡ್ ಆಬ್ಜೆಕ್ಟಿನ ಮೇಲೆ ‘ರಸೀದಿ’ ಕರೆದರೂ ಒಳಗಿನ ಕರೆ ಟಿಕೆಟ್ ಕ್ಲಾಸಿನ ದರಕ್ಕೇ ಹೋಗುತ್ತದೆ, ರಸೀದಿಯಲ್ಲಿ 90 ಮುದ್ರಣವಾಗುತ್ತದೆ. ಆಬ್ಜೆಕ್ಟಿನ ಮೂಲಕ ಸ್ಟ್ಯಾಟಿಕ್ ಕರೆದರೆ ಜಾವಾ ಕಂಪೈಲರ್‌ನ ಲಿಂಟ್ ಆಯ್ಕೆ ಎಚ್ಚರಿಸುತ್ತದೆ, ಎಕ್ಲಿಪ್ಸ್, ಇಂಟೆಲಿಜೆಯಂಥ ಎಡಿಟರ್‌ಗಳೂ ಎಚ್ಚರಿಸುತ್ತವೆ. ಆದರೆ ‘ರಸೀದಿ’ಯೊಳಗಿನ ಬರಿ ಕರೆಗೆ ಯಾರೂ ಏನೂ ಹೇಳುವುದಿಲ್ಲ, ಯಾಕೆಂದರೆ ವ್ಯಾಕರಣದ ಪ್ರಕಾರ ಅದರಲ್ಲಿ ತಪ್ಪೇ ಇಲ್ಲ.

ಕಾವಲಿಗೆ ಒಂದು ಸುಲಭ ಉಪಾಯವಿದೆ. ಮಗು ಕ್ಲಾಸಿನಲ್ಲಿ ಮೆಥಡ್ ಬದಲಿಸುವ ಉದ್ದೇಶದಿಂದ ಬರೆಯುವಾಗಲೆಲ್ಲ ಓವರ್‌ರೈಡ್ ಎಂಬ ಆನೊಟೇಷನ್ ಹಾಕುವುದು. ಮೆಥಡ್ ಸ್ಟ್ಯಾಟಿಕ್ ಆಗಿದ್ದರೆ ಕಂಪೈಲರ್ ಅಲ್ಲೇ ನಿಲ್ಲಿಸುತ್ತದೆ. ತಂದೆಯಲ್ಲಿ ಸ್ಟ್ಯಾಟಿಕ್, ಮಗುವಿನಲ್ಲಿ ಸ್ಟ್ಯಾಟಿಕ್ ಅಲ್ಲ ಎಂಬ ಬೆರಕೆಯನ್ನಂತೂ ಅದು ಆನೊಟೇಷನ್ ಇಲ್ಲದೆಯೂ ಒಪ್ಪುವುದಿಲ್ಲ, ತಿರುಗುಮುರುಗಾದರೂ ಅಷ್ಟೆ. ಮಗು ಕ್ಲಾಸ್ ಅದೇ ಹೆಸರನ್ನು ಬಳಸಲೇಬಾರದು ಎಂದಿದ್ದರೆ ತಂದೆಯ ಸ್ಟ್ಯಾಟಿಕ್ ಮೆಥಡನ್ನು ಫೈನಲ್ ಮಾಡಬಹುದು.

ಜಾವಾದ ಸ್ವಂತ ಲೈಬ್ರರಿಯಲ್ಲೇ ಇಂಥ ಗುಂಡಿಯೊಂದಿದೆ. ಥ್ರೆಡ್ ಕ್ಲಾಸಿನ ಸ್ಲೀಪ್ ಸ್ಟ್ಯಾಟಿಕ್ ಮೆಥಡ್. ‘ಕೆಲಸಗಾರ’ ಎಂಬ ಇನ್ನೊಂದು ಥ್ರೆಡ್ ಆಬ್ಜೆಕ್ಟಿನ ಮೇಲೆ ಸ್ಲೀಪ್ ಕರೆದರೆ ನಿದ್ದೆ ಹೋಗುವುದು ಕೆಲಸಗಾರನಲ್ಲ, ಆ ಸಾಲನ್ನು ಓಡಿಸುತ್ತಿರುವ ಥ್ರೆಡ್ಡೇ. ಸಾಲು ಓದಿದವರಿಗೆ ಒಂದು ಅರ್ಥ ಕಾಣುತ್ತದೆ, ನಡೆಯುವುದು ಮತ್ತೊಂದು. ಸ್ಟ್ಯಾಟಿಕ್ ಮೆಥಡನ್ನು ಸದಾ ಕ್ಲಾಸಿನ ಹೆಸರಿನಿಂದಲೇ ಕರೆಯಬೇಕು ಎಂದು ಕೋಡ್ ರಿವ್ಯೂಗಳಲ್ಲಿ ಹಟ ಹಿಡಿಯುವವರದು ಅತಿಯಾಯಿತು ಎನ್ನುವಂತಿಲ್ಲ.

ಭಾಷೆ ಬದಲಾದರೆ ನಿಯಮವೂ ಬದಲು

ನಾಗಸಂದ್ರದಲ್ಲಿ ಮೆಟ್ರೊ ಹತ್ತುವವರಲ್ಲಿ ಜಾವಾದಿಂದ ಪೈಥಾನ್‌ಗೋ ಡಾಟ್‌ನೆಟ್‌ನಿಂದ ಕಾಟ್ಲಿನ್‌ಗೋ ಪ್ರಾಜೆಕ್ಟ್ ಬದಲಿಸಿದವರು ಬೇಕಾದಷ್ಟಿದ್ದಾರೆ. ಅವರು ನೆನಪಿಡಬೇಕಾದ್ದು: ಸ್ಟ್ಯಾಟಿಕ್ ಎಂಬ ಪದ ಒಂದೇ ಆದರೂ ಮೇಲಿನ ಟಿಕೆಟ್ ಪ್ರೋಗ್ರಾಂ ಎಲ್ಲ ಕಡೆ 90 ಎನ್ನುವುದಿಲ್ಲ.

ಸಿ ಪ್ಲಸ್ ಪ್ಲಸ್‌ಗೆ ಸ್ಟ್ಯಾಟಿಕ್ ಮೆಂಬರ್ ಫಂಕ್ಷನ್ ಬಂದದ್ದು 1989ರ 2.0 ಆವೃತ್ತಿಯಲ್ಲಿ. ಅಲ್ಲಿಯೂ ಆಯ್ಕೆ ಘೋಷಿತ ಟೈಪಿನ ಮೇಲೆಯೇ. ಸ್ಟ್ಯಾಟಿಕ್ ಫಂಕ್ಷನ್ ವರ್ಚುವಲ್ ಆಗುವಂತಿಲ್ಲ. ಜಾವಾ ಬಹುಮಟ್ಟಿಗೆ ಈ ದಾರಿಯನ್ನೇ ಹಿಡಿಯಿತು. ಸಿ ಶಾರ್ಪ್ ರೂಪಿಸಿದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಬ್ಜೆಕ್ಟಿನ ಮೂಲಕ ಸ್ಟ್ಯಾಟಿಕ್ ಕರೆಯುವುದನ್ನೇ ಕಂಪೈಲ್ ದೋಷವನ್ನಾಗಿ ಮಾಡಿದರು. ಪ್ರಯಾಣ.ದರ() ಎಂಬ ಸಾಲೇ ಅಲ್ಲಿ ಹುಟ್ಟುವುದಿಲ್ಲ. ಇದು ಜಾವಾಗಿಂತ ಒಳ್ಳೆಯ ತೀರ್ಮಾನ. ಗೊಂದಲಕ್ಕೆ ಎಡೆಯಿರುವ ಬರಹವನ್ನು ಭಾಷೆಯೇ ತಡೆದರೆ ಓದುವವರ ಶ್ರಮ ಉಳಿಯುತ್ತದೆ.

ಪೈಥಾನ್‌ನಲ್ಲಿ ಸ್ಟ್ಯಾಟಿಕ್‌ಮೆಥಡ್, ಕ್ಲಾಸ್‌ಮೆಥಡ್ ಎರಡೂ 2001ರ 2.2 ಆವೃತ್ತಿಯಲ್ಲಿ ಬಂದವು. ಅಲ್ಲಿ ವೇರಿಯಬಲ್ಲಿಗೆ ಘೋಷಿತ ಟೈಪಿನ ಕಟ್ಟುಪಾಡಿಲ್ಲ. ಹೆಸರನ್ನು ಹುಡುಕುವುದು ಓಡುವ ಹೊತ್ತಿನಲ್ಲಿ, ಆಬ್ಜೆಕ್ಟಿನ ನಿಜವಾದ ಕ್ಲಾಸಿನಿಂದ ಶುರುಮಾಡಿ. ಹಾಗಾಗಿ ಅದೇ ಪ್ರೋಗ್ರಾಂ ಪೈಥಾನ್‌ನಲ್ಲಿ 85.50 ಎನ್ನುತ್ತದೆ. ಇನ್ನು ಕ್ಲಾಸ್‌ಮೆಥಡ್‌ಗೆ ಕರೆದ ಕ್ಲಾಸ್ ಯಾವುದೆಂಬ ಗುರುತು ಮೊದಲ ಆರ್ಗ್ಯುಮೆಂಟ್ ಆಗಿ ಸಿಗುತ್ತದೆ. ಮಗು ಕ್ಲಾಸಿನ ಮೂಲಕ ಕರೆದರೆ ಮಗುವಿನದೇ ಆಬ್ಜೆಕ್ಟ್ ಸೃಷ್ಟಿಸಿಕೊಡುವಂಥ ಕೆಲಸಕ್ಕೆ ಅದು ಬಹಳ ಅನುಕೂಲ.

ಜಾವಾಸ್ಕ್ರಿಪ್ಟ್‌ನಲ್ಲಿ ಸ್ಟ್ಯಾಟಿಕ್ ಮೆಥಡ್ ಆಬ್ಜೆಕ್ಟಿನ ಮೇಲೆ ಸಿಗುವುದೇ ಇಲ್ಲ. ಅದು ಫಂಕ್ಷನ್ ಅಲ್ಲ ಎಂಬ ಟೈಪ್‌ಎರರ್ ಬರುತ್ತದೆ. ಆದರೆ ಕ್ಲಾಸಿನ ಹೆಸರಿನಿಂದ ಕರೆದರೆ ಸ್ಟ್ಯಾಟಿಕ್ ಮೆಥಡ್ ಮಗು ಕ್ಲಾಸಿಗೂ ಬಳುವಳಿಯಾಗಿ ಹೋಗುತ್ತದೆ, ಮತ್ತು ಅದರೊಳಗೆ ‘ದಿಸ್’ ಕೂಡ ಇರುತ್ತದೆ: ಕರೆದ ಕ್ಲಾಸೇ ಆ ದಿಸ್. ಪಿಎಚ್‌ಪಿಯಲ್ಲಿ ಎರಡೂ ದಾರಿಗಳಿವೆ. ‘ಸೆಲ್ಫ್’ ಎಂದು ಬರೆದರೆ ಆ ಸಾಲು ಇರುವ ಕ್ಲಾಸಿನ ಮೆಥಡ್, 2009ರಲ್ಲಿ 5.3 ಆವೃತ್ತಿ ತಂದ ‘ಸ್ಟ್ಯಾಟಿಕ್’ ಎಂದು ಬರೆದರೆ ಕರೆದ ಕ್ಲಾಸಿನ ಮೆಥಡ್. ಕಾಟ್ಲಿನ್‌ನಲ್ಲಿ ಸ್ಟ್ಯಾಟಿಕ್ ಎಂಬ ಕೀವರ್ಡ್ ಬಳಕೆಯಲ್ಲೇ ಇಲ್ಲ. ಅದರ ಜಾಗದಲ್ಲಿ ಕಂಪ್ಯಾನಿಯನ್ ಆಬ್ಜೆಕ್ಟ್ ಇದೆ, ಅದು ನಿಜವಾದ ಆಬ್ಜೆಕ್ಟ್ ಆದ್ದರಿಂದ ಇಂಟರ್‌ಫೇಸನ್ನೂ ಇಂಪ್ಲಿಮೆಂಟ್ ಮಾಡಬಲ್ಲದು.

ಜಾವಾದಲ್ಲೇ ಇರುವ ಒಂದು ಅಪವಾದವನ್ನೂ ಇಲ್ಲಿ ಹೇಳಬೇಕು. 2014ರ ಜಾವಾ 8ರಿಂದ ಇಂಟರ್‌ಫೇಸ್‌ಗಳಲ್ಲೂ ಸ್ಟ್ಯಾಟಿಕ್ ಮೆಥಡ್ ಬರೆಯಬಹುದು. ಆದರೆ ಅವು ಇಂಪ್ಲಿಮೆಂಟ್ ಮಾಡಿದ ಕ್ಲಾಸಿಗೆ ಇಳಿದು ಬರುವುದಿಲ್ಲ. ಲಿಸ್ಟ್.ಆಫ್ ಎಂದರೆ ಸರಿ, ಅರೇಲಿಸ್ಟ್.ಆಫ್ ಎಂದರೆ ಕಂಪೈಲ್ ಆಗದು.

ಹಂಚಿಕೊಂಡ ನೆನಪು

ಸ್ಟ್ಯಾಟಿಕ್ ಮೆಥಡ್ ಬಗ್ಗೆ ಎರಡು ತಪ್ಪು ನಂಬಿಕೆಗಳು ಗಟ್ಟಿಯಾಗಿ ಕೂತಿವೆ. ಮೊದಲನೆಯದು, ಸ್ಟ್ಯಾಟಿಕ್ ಮಾಡಿದರೆ ಮೆಮೊರಿ ಉಳಿಯುತ್ತದೆ ಎಂಬುದು. ಇನ್‌ಸ್ಟನ್ಸ್ ಮೆಥಡ್‌ನ ಕೋಡ್ ಪ್ರತಿ ಆಬ್ಜೆಕ್ಟಿನಲ್ಲೂ ನಕಲಾಗುತ್ತದೆ ಎಂಬ ಊಹೆ ಇದರ ಹಿಂದಿದೆ. ಹಾಗೇನಿಲ್ಲ. ಎರಡೂ ಬಗೆಯ ಮೆಥಡ್‌ನ ಕೋಡ್ ಕ್ಲಾಸಿಗೆ ಒಂದೇ ಪ್ರತಿ. ಆಬ್ಜೆಕ್ಟಿನಲ್ಲಿರುವುದು ಅದರ ಡೇಟಾ ಮಾತ್ರ. ಎರಡನೆಯದು, ಸ್ಟ್ಯಾಟಿಕ್ ಮೆಥಡನ್ನು ಹಲವು ಥ್ರೆಡ್‌ಗಳು ಒಟ್ಟಿಗೆ ಕರೆದರೆ ಲೆಕ್ಕ ಕಲಸಿಹೋಗುತ್ತದೆ ಎಂಬ ಭಯ. ಮೆಥಡ್ ಒಳಗಿನ ಲೋಕಲ್ ವೇರಿಯಬಲ್‌ಗಳು ಪ್ರತಿ ಥ್ರೆಡ್‌ನ ಸ್ವಂತ ಸ್ಟ್ಯಾಕ್‌ನಲ್ಲಿರುತ್ತವೆ. ಲೆಕ್ಕ.ಸುತ್ತು() ಅನ್ನು ನೂರು ಥ್ರೆಡ್‌ಗಳು ಏಕಕಾಲಕ್ಕೆ ಕರೆದರೂ ಒಂದರ ಉತ್ತರ ಇನ್ನೊಂದಕ್ಕೆ ತಾಗದು.

ಭಯಪಡಬೇಕಾದ್ದು ಸ್ಟ್ಯಾಟಿಕ್ ವೇರಿಯಬಲ್‌ಗೆ. ಜಾಬ್ ವರ್ಕ್ ಶಾಪ್‌ಗೆ ಒಂದು ಪ್ರೋಗ್ರಾಂ, ಅದರಲ್ಲಿ ‘ಹೊಸಸಂಖ್ಯೆ’ ಎಂಬ ಸ್ಟ್ಯಾಟಿಕ್ ಮೆಥಡ್ ಒಂದು ಸ್ಟ್ಯಾಟಿಕ್ ಎಣಿಕೆಗೆ ಒಂದನ್ನು ಕೂಡಿಸಿ ಜಾಬ್ ಕಾರ್ಡ್ ಸಂಖ್ಯೆ ಕೊಡುತ್ತದೆ ಎಂದುಕೊಳ್ಳೋಣ. ಕೂಡಿಸು ಎಂಬುದು ಒಂದೇ ಸಾಲಿನಂತೆ ಕಂಡರೂ ಒಳಗೆ ಓದು, ಕೂಡಿಸು, ಬರೆ ಎಂಬ ಮೂರು ಕೆಲಸ. ಸ್ಟೋರ್ಸ್‌ನವರೂ ಆಫೀಸಿನವರೂ ಒಂದೇ ಕ್ಷಣದಲ್ಲಿ ಗುಂಡಿ ಒತ್ತಿ, ಇಬ್ಬರ ಥ್ರೆಡ್‌ಗಳೂ 118 ಎಂದು ಓದಿಕೊಂಡರೆ ಇಬ್ಬರಿಗೂ 119 ಸಿಗುತ್ತದೆ. ಎರಡು ಬೇರೆ ಗಿರಾಕಿಗಳ ಮಾಲಿಗೆ ಒಂದೇ ಸಂಖ್ಯೆ. ಅಟಾಮಿಕ್‌ಇಂಟಿಜರ್ ಬಳಸಿದರೆ ಈ ಡಿಕ್ಕಿ ತಪ್ಪುತ್ತದೆ. ಆದರೂ ಪ್ರೋಗ್ರಾಂ ನಿಲ್ಲಿಸಿ ಶುರುಮಾಡಿದರೆ ಎಣಿಕೆ ಮೊದಲಿನಿಂದ ಆರಂಭವಾಗುತ್ತದೆ, ಎರಡು ಸರ್ವರ್‌ಗಳಲ್ಲಿ ಓಡಿಸಿದರೆ ಎರಡು ಎಣಿಕೆಗಳಾಗುತ್ತವೆ. ಸಂಖ್ಯೆ ಉಳಿಯಬೇಕಾದ ಜಾಗ ಡೇಟಾಬೇಸ್.

ಸಿಂಕ್ರೊನೈಸ್ಡ್ ಎಂಬ ಕೀವರ್ಡ್ ಹಾಕಿ ಬಚಾವಾಗುತ್ತೇವೆ ಎನ್ನುವವರಿಗೆ ಒಂದು ಎಚ್ಚರಿಕೆ. ಸ್ಟ್ಯಾಟಿಕ್ ಮೆಥಡ್‌ಗೆ ಸಿಂಕ್ರೊನೈಸ್ಡ್ ಎಂದರೆ ಬೀಗ ಬೀಳುವುದು ಕ್ಲಾಸ್ ಮೇಲೆ. ಇನ್‌ಸ್ಟನ್ಸ್ ಮೆಥಡ್‌ಗೆ ಎಂದರೆ ಆ ಆಬ್ಜೆಕ್ಟ್ ಮೇಲೆ. ಎರಡೂ ಮೆಥಡ್‌ಗಳು ಒಂದೇ ಸ್ಟ್ಯಾಟಿಕ್ ವೇರಿಯಬಲ್ ಮುಟ್ಟುತ್ತಿದ್ದರೆ ಬೀಗಗಳು ಬೇರೆ ಬೇರೆಯಾದ್ದರಿಂದ ರಕ್ಷಣೆ ಸಿಗುವುದಿಲ್ಲ. ಇದೇ ಸಾಲಿಗೆ ಸೇರಿದ ಹಳೆಯ ಕಾಯಿಲೆ, ಸಿಂಪಲ್‌ಡೇಟ್‌ಫಾರ್ಮ್ಯಾಟ್ ಆಬ್ಜೆಕ್ಟನ್ನು ಸ್ಟ್ಯಾಟಿಕ್ ಆಗಿ ಇಟ್ಟು ಎಲ್ಲ ಥ್ರೆಡ್‌ಗಳಿಗೂ ಹಂಚುವುದು. ಅದು ಹಂಚಿಕೆಗೆ ತಕ್ಕದ್ದಲ್ಲ, ದಿನಾಂಕಗಳು ಅದಲುಬದಲಾಗಬಹುದು. ಜಾವಾ 8ರ ಡೇಟ್‌ಟೈಮ್‌ಫಾರ್ಮ್ಯಾಟರ್ ಬದಲಾಗದ ಆಬ್ಜೆಕ್ಟ್ ಆದ್ದರಿಂದ ಅದನ್ನು ನಿಶ್ಚಿಂತೆಯಿಂದ ಹಂಚಬಹುದು.

ಸ್ಟ್ಯಾಟಿಕ್ ಬ್ಲಾಕ್‌ನ ವಿಷಯವನ್ನು ಚುಟುಕಾಗಿ ಹೇಳಿಬಿಡಬಹುದು. ಕ್ಲಾಸ್ ಮೊದಲ ಬಾರಿ ಬಳಕೆಗೆ ಬಂದಾಗ ಅದು ಒಮ್ಮೆ ಓಡುತ್ತದೆ. ಮಗು ಕ್ಲಾಸಿನ ಹೆಸರು ಹಿಡಿದು ತಂದೆಯಲ್ಲಿರುವ ಸ್ಟ್ಯಾಟಿಕ್ ಮೆಥಡ್ ಕರೆದರೆ ತಂದೆಯ ಬ್ಲಾಕ್ ಮಾತ್ರ ಓಡುತ್ತದೆ, ಮಗುವಿನದಲ್ಲ. ಬ್ಲಾಕ್ ಒಳಗೆ ಕಾನ್ಫಿಗ್ ಫೈಲ್ ಓದಲು ಹೋಗಿ ಎಡವಿದರೆ ಮೊದಲ ಸಲ ಬರುವುದು ಎಕ್ಸೆಪ್ಷನ್‌ಇನ್‌ಇನಿಷಿಯಲೈಜರ್‌ಎರರ್, ಆಮೇಲಿನ ಪ್ರತಿ ಸಲ ನೋಕ್ಲಾಸ್‌ಡೆಫ್‌ಫೌಂಡ್‌ಎರರ್. ಎರಡನೆಯದನ್ನು ಮಾತ್ರ ನೋಡಿದವರು ಜಾರ್ ಫೈಲ್ ಕಾಣೆಯಾಗಿದೆ ಎಂದು ಅರ್ಧ ದಿನ ಹುಡುಕುತ್ತಾರೆ. ಲಾಗ್‌ನಲ್ಲಿ ಮೇಲಕ್ಕೆ ಹೋಗಿ ಮೊದಲನೆಯದನ್ನು ಹುಡುಕಿದರೆ ನಿಜವಾದ ಕಾರಣ ಅಲ್ಲೇ ಇರುತ್ತದೆ.

ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು

ಇಷ್ಟೆಲ್ಲ ಕೇಳಿ ಸ್ಟ್ಯಾಟಿಕ್ ಎಂದರೆ ದೂರವಿಡಬೇಕಾದದ್ದು ಎಂದುಕೊಂಡರೆ ಅನ್ಯಾಯವಾಗುತ್ತದೆ. ಜಾವಾದ ಮ್ಯಾಥ್ ಕ್ಲಾಸಿನ ಮೆಥಡ್‌ಗಳೆಲ್ಲ ಸ್ಟ್ಯಾಟಿಕ್. ಅದರ ಆಬ್ಜೆಕ್ಟ್ ಸೃಷ್ಟಿಸದಂತೆ ಕನ್‌ಸ್ಟ್ರಕ್ಟರನ್ನೇ ಪ್ರೈವೇಟ್ ಮಾಡಲಾಗಿದೆ. ಪಠ್ಯವನ್ನು ಸಂಖ್ಯೆಯಾಗಿಸುವ ಇಂಟಿಜರ್.ಪಾರ್ಸ್‌ಇಂಟ್ ಸ್ಟ್ಯಾಟಿಕ್. ಕನ್ನಡದವರು ಅದರ ಒಂದು ಗುಣವನ್ನು ತಿಳಿದಿರಬೇಕು: ‘೯೦’ ಎಂದು ಕನ್ನಡ ಅಂಕಿಗಳಲ್ಲಿ ಕೊಟ್ಟರೂ ಅದು ತಪ್ಪದೆ 90 ಎಂದು ಓದಿಕೊಳ್ಳುತ್ತದೆ, ಯೂನಿಕೋಡ್‌ನ ಇನ್ನೂ ಹಲವು ಲಿಪಿಗಳ ದಶಮಾನ ಅಂಕಿಗಳನ್ನೂ ಅದು ಬಲ್ಲದು. ಲೋಕಲ್‌ಡೇಟ್.ಆಫ್, ಲಿಸ್ಟ್.ಆಫ್‌ನಂಥ ಸ್ಟ್ಯಾಟಿಕ್ ಫ್ಯಾಕ್ಟರಿ ಮೆಥಡ್‌ಗಳು ಕನ್‌ಸ್ಟ್ರಕ್ಟರ್‌ಗಿಂತ ಓದಲು ಹಿತ, ಹೊಸ ಆಬ್ಜೆಕ್ಟ್ ಸೃಷ್ಟಿಸಲೇಬೇಕೆಂಬ ಕಟ್ಟುಪಾಡೂ ಇಲ್ಲ. ಜೋಶುವಾ ಬ್ಲಾಕ್ ಅವರ ‘ಎಫೆಕ್ಟಿವ್ ಜಾವಾ’ 2001ರ ಮೊದಲ ಆವೃತ್ತಿಯಿಂದಲೂ ಕೊಡುತ್ತ ಬಂದಿರುವ ಮೊದಲ ಸಲಹೆಯೇ ಅದು.

ಬಾಗಲಗುಂಟೆಯ ವರ್ಕ್‌ಶಾಪ್‌ಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆಯುವವರಿಗೆ ಇನ್ನೊಂದು ಒಳ್ಳೆಯ ಉದಾಹರಣೆ ಕೈಯಲ್ಲೇ ಇದೆ: ಜಿಎಸ್‌ಟಿ ನೋಂದಣಿ ಸಂಖ್ಯೆಯ ತಪಾಸಣೆ. ಆ ಸಂಖ್ಯೆಯಲ್ಲಿ 15 ಅಕ್ಷರಗಳು. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ ಹತ್ತು ಪ್ಯಾನ್. ಕೊನೆಯದು ಮೊದಲ 14ರಿಂದ ಲೆಕ್ಕ ಹಾಕಿ ಬರುವ ತಾಳೆಯ ಅಕ್ಷರ. ಗಿರಾಕಿ ಯಾರು, ಬಿಲ್ ಎಷ್ಟರದು ಎಂಬುದು ಈ ತಪಾಸಣೆಗೆ ಬೇಡ. 15 ಅಕ್ಷರ ಕೊಟ್ಟರೆ ಸರಿ ಅಥವಾ ತಪ್ಪು ಎಂದರಾಯಿತು. ಇದು ಸ್ಟ್ಯಾಟಿಕ್ ಆಗಿರಲೇಬೇಕಾದ ಮೆಥಡ್.

ತೆರಿಗೆ ಎಷ್ಟು ಎಂಬ ಲೆಕ್ಕ ಮಾತ್ರ ಅಷ್ಟು ನಿರಾಳವಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಸ್ಲ್ಯಾಬ್‌ಗಳು ಬದಲಾಗಿ, ಶೇ 12 ಮತ್ತು ಶೇ 28ರಲ್ಲಿದ್ದ ಹೆಚ್ಚಿನ ಸರಕುಗಳು ಶೇ 5ಕ್ಕೋ ಶೇ 18ಕ್ಕೋ ಸರಿದವು. ‘ತೆರಿಗೆ’ ಎಂಬ ಸ್ಟ್ಯಾಟಿಕ್ ಮೆಥಡ್ ಒಳಗೇ ಲೋಕಲ್‌ಡೇಟ್.ನೌ ಎಂದು ಇವತ್ತಿನ ದಿನಾಂಕ ಕೇಳಿ ದರ ಆರಿಸುತ್ತಿದ್ದರೆ, ಆಗಸ್ಟ್‌ನ ಬಿಲ್ಲನ್ನು ಅಕ್ಟೋಬರ್‌ನಲ್ಲಿ ಮರುಮುದ್ರಿಸಿದಾಗ ಮೊತ್ತವೇ ಬೇರೆಯಾಗುತ್ತದೆ. ಆ ಮೆಥಡನ್ನು ಪರೀಕ್ಷಿಸುವುದೂ ಕಷ್ಟ, ಸೆಪ್ಟೆಂಬರ್ 21ರ ವರ್ತನೆ ನೋಡಲು ಕಂಪ್ಯೂಟರಿನ ಗಡಿಯಾರವನ್ನೇ ತಿರುಗಿಸಬೇಕು. ದಿನಾಂಕವನ್ನು ಆರ್ಗ್ಯುಮೆಂಟ್ ಆಗಿ ಒಳಗೆ ಕಳಿಸಿದರೆ ಎರಡೂ ತೊಂದರೆ ಒಟ್ಟಿಗೆ ತೀರುತ್ತವೆ. ಸಮಯ ಎಲ್ಲೆಲ್ಲೂ ಬೇಕಾದ ಪ್ರೋಗ್ರಾಂಗಳಿಗೆ ಜಾವಾದಲ್ಲಿ ಕ್ಲಾಕ್ ಎಂಬ ಕ್ಲಾಸೇ ಇದೆ. ಪರೀಕ್ಷೆಯಲ್ಲಿ ನಿಂತ ಗಡಿಯಾರ ಕೊಡಬಹುದು, ನಿಜ ಬಳಕೆಯಲ್ಲಿ ಓಡುವ ಗಡಿಯಾರ. ಪರೀಕ್ಷೆ ಬರೆಯಲು ಬಳಸುವ ಮಾಕಿಟೊ ಲೈಬ್ರರಿ 2020ರ 3.4.0 ಆವೃತ್ತಿಯಿಂದ ಸ್ಟ್ಯಾಟಿಕ್ ಮೆಥಡ್‌ಗಳನ್ನೂ ಮಾಕ್ ಮಾಡಲು ಬಿಡುತ್ತದೆ. ಮುಟ್ಟಲಾಗದ ಹಳೆಯ ಕೋಡ್‌ಗೆ ಅದು ದೊಡ್ಡ ಉಪಕಾರ. ಹೊಸದಾಗಿ ಬರೆಯುವಾಗ ಅದರ ಅಗತ್ಯ ಬೀಳದಂತೆ ಬರೆಯುವುದು ಮೇಲು.

ಸ್ಟ್ಯಾಟಿಕ್ ಆಗಿದ್ದ ಮೆಥಡ್ ಮುಂದೊಂದು ದಿನ ಆಬ್ಜೆಕ್ಟನ್ನು ಅವಲಂಬಿಸಬೇಕಾಗಿ ಬಂದರೆ? ಒಬ್ಬ ಗಿರಾಕಿಗೆ ಒಂದು ದರ, ಇನ್ನೊಬ್ಬರಿಗೆ ಬೇರೆ ದರ ಎಂದು ಮಾಲೀಕರು ಹೇಳಿದಾಗ ಈ ಪ್ರಸಂಗ ಬರುತ್ತದೆ. ನೂರಾರು ಕಡೆ ಕರೆದಿರುವ ಸ್ಟ್ಯಾಟಿಕ್ ಮೆಥಡನ್ನು ಒಂದೇ ದಿನ ಕಿತ್ತುಹಾಕಬೇಕಾಗಿಲ್ಲ. ಮೊದಲು ‘ದರಪಟ್ಟಿ’ ಎಂಬ ಇಂಟರ್‌ಫೇಸ್ ಮಾಡಿ, ಹಳೆಯ ಲೆಕ್ಕವನ್ನು ‘ಸಾಮಾನ್ಯದರ’ ಎಂಬ ಕ್ಲಾಸಿನ ಇನ್‌ಸ್ಟನ್ಸ್ ಮೆಥಡ್ ಒಳಗೆ ಸಾಗಿಸಬೇಕು. ಹಳೆಯ ಸ್ಟ್ಯಾಟಿಕ್ ಮೆಥಡ್ ಹಾಗೇ ಉಳಿದು, ಒಳಗೆ ಒಂದು ‘ಸಾಮಾನ್ಯದರ’ ಆಬ್ಜೆಕ್ಟನ್ನು ಕರೆದು ಉತ್ತರ ದಾಟಿಸುತ್ತದೆ. ಅದಕ್ಕೆ ಡೆಪ್ರಿಕೇಟೆಡ್ ಎಂಬ ಗುರುತು ಹಾಕಿದರೆ ಬಳಸಿದ ಕಡೆಯೆಲ್ಲ ಕಂಪೈಲರ್ ಎಚ್ಚರಿಸುತ್ತದೆ. ಹೊಸ ಗಿರಾಕಿಗಳ ದರ ಹೊಸ ಕ್ಲಾಸ್‌ಗಳಲ್ಲಿ ಬರುತ್ತದೆ, ಹಳೆಯ ಕರೆಗಳನ್ನು ಬಿಡುವಾದಾಗ ಒಂದೊಂದಾಗಿ ತಿದ್ದಬಹುದು. ಕೊನೆಯ ಕರೆ ಹೋದ ಮೇಲೆ ಆ ಸ್ಟ್ಯಾಟಿಕ್ ಮೆಥಡನ್ನು ಅಳಿಸಬಹುದು.